ನಮ್ಮ ಲ್ಯಾಬಿನ 412 ಟೆಸ್ಟುಗಳು ಮತ್ತು ಅಪ್ಪನ ಕ್ಯಾರಿಬ್ಯಾಗು

ಅಪ್ಪನಿಗೆ ಸಕ್ಕರೆ ಕಾಯಿಲೆ ಬಂದು ಹದಿನೇಳು ವರ್ಷ. ವಿಜಯಪುರದಿಂದ ಪುಣೆಗೆ ಬಂದಾಗಲೆಲ್ಲ ಸೀರೆ ಅಂಗಡಿಯ ಹಳೆಯ ಕ್ಯಾರಿಬ್ಯಾಗಿನಲ್ಲಿ ಅಷ್ಟೂ ವರ್ಷದ ರಿಪೋರ್ಟುಗಳನ್ನು ಹೊತ್ತು ತರುತ್ತಾರೆ. ಅದರಲ್ಲಿ ಅರ್ಧದಷ್ಟು ಥರ್ಮಲ್ ಕಾಗದದವು, ಅಕ್ಷರ ಮಾಸಿ ಬೆಳ್ಳಗಾಗಿವೆ. 2023ರ ಮಳೆಗಾಲದಲ್ಲಿ ಸ್ವಾರ್‌ಗೇಟಿನಲ್ಲಿ ಬಸ್ಸಿಳಿದು ಮನೆಗೆ ಬಂದವರು ಮರುದಿನ ನಾನು ಕೆಲಸ ಮಾಡುವ ಆಸ್ಪತ್ರೆಯಲ್ಲೇ ರಕ್ತ ಕೊಟ್ಟರು. ಸಂಜೆ ರಿಪೋರ್ಟು ನೋಡಿ ಅವರ ಮುಖ ಅರಳಿತು.

"ತಂಗಿ, ಊರಾಗ ಕ್ರಿಯಾಟಿನಿನ್ ಒಂದೂವರಿ ಇತ್ತು. ಇಲ್ಲಿ ಒಂದು ಪಾಯಿಂಟ್ ಮೂರು ಬಂದೈತಿ. ಕಿಡ್ನಿ ಸುಧಾರಿಸ್ಯಾವ ನೋಡು."

ನಾನು ಹದಿನಾಲ್ಕು ವರ್ಷದಿಂದ ಲ್ಯಾಬಿನಲ್ಲಿದ್ದೇನೆ. ಕ್ರಿಯಾಟಿನಿನ್ ಎಂದರೆ ಕಿಡ್ನಿಗಳು ರಕ್ತದಿಂದ ಹೊರಹಾಕಬೇಕಾದ ಕಸ; ಅಂಕಿ ಇಳಿದರೆ ಕಿಡ್ನಿ ಸುಧಾರಿಸಿದೆ ಎಂದುಕೊಳ್ಳುವುದು ಸಹಜ. ಆದರೆ ಸುಧಾರಿಸಿಲ್ಲ ಎನ್ನುವ ಅನುಮಾನ ನನಗೆ ತಕ್ಷಣ ಬಂತು. ಊರಿನ ಲ್ಯಾಬಿಗೆ ಫೋನ್ ಮಾಡಿ ಕೇಳಿದೆ. ಅವರದು ಜಾಫೆ ಪದ್ಧತಿ: ಪಿಕ್ರಿಕ್ ಆಮ್ಲ ಹಾಕಿ ಕಿತ್ತಳೆ ಬಣ್ಣ ಬರುವುದನ್ನು ಅಳೆಯುವುದು. 1886ರಲ್ಲಿ ಮ್ಯಾಕ್ಸ್ ಜಾಫೆ ಕಂಡುಹಿಡಿದ ಆ ರಾಸಾಯನಿಕ ಕ್ರಿಯೆಯನ್ನು ಇಂದಿಗೂ ಸಾವಿರಾರು ಲ್ಯಾಬುಗಳು ನಂಬಿಕೊಂಡಿವೆ, ಯಾಕೆಂದರೆ ಅಗ್ಗ. ಆದರೆ ರಕ್ತದಲ್ಲಿ ಸಕ್ಕರೆ, ಪ್ರೋಟೀನು ಹೆಚ್ಚಿದ್ದರೆ ಅವೂ ಒಂದಿಷ್ಟು ಬಣ್ಣ ಕೊಟ್ಟು ಅಂಕಿ ಏರಬಹುದು. ನಮ್ಮದು ಎಂಜೈಮ್ಯಾಟಿಕ್, ಅಂದರೆ ಕಿಣ್ವ ಬಳಸಿ ಅಳೆಯುವ ಪದ್ಧತಿ; ಅದರಲ್ಲಿ ಈ ತೊಂದರೆ ಕಡಿಮೆ. ಎರಡೂ ಕಾಗದದ ಮೇಲೆ ಇದ್ದದ್ದು ಮಾತ್ರ ಒಂದೇ ಮಾತು, ಸೀರಮ್ ಕ್ರಿಯಾಟಿನಿನ್. ಯಾವ ಪದ್ಧತಿ ಎಂದು ಇಬ್ಬರೂ ಬರೆದಿರಲಿಲ್ಲ. ನಾವೂ ಬರೆದಿರಲಿಲ್ಲ ಎನ್ನುವುದು ಆ ರಾತ್ರಿ ನನಗೆ ಬಹಳ ಚುಚ್ಚಿತು. ಅಪ್ಪನಿಗೆ ಹೇಳಿದೆ. ಅವರು ಸುಮ್ಮನೆ ರಿಪೋರ್ಟನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

ಇದಾದ ಎರಡು ತಿಂಗಳಿಗೆ ನಮ್ಮ ಆಸ್ಪತ್ರೆ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿಗೆ ಸೇರಲು ತೀರ್ಮಾನಿಸಿತು. ಸಿಂಹಗಡ ರಸ್ತೆಯ ಒಳಭಾಗದ ಅರವತ್ತು ಹಾಸಿಗೆಯ ಆಸ್ಪತ್ರೆ ನಮ್ಮದು. ಮಿಷನ್ ದೇಶದಾದ್ಯಂತ ಶುರುವಾದದ್ದು 2021ರ ಸೆಪ್ಟೆಂಬರ್ 27ರಂದು. ರೋಗಿಗೆ 14 ಅಂಕಿಯ ಆಭಾ ಸಂಖ್ಯೆ ಸಿಗುತ್ತದೆ, ಆಸ್ಪತ್ರೆಗಳ ದಾಖಲೆ ಅದಕ್ಕೆ ಜೋಡಣೆಯಾಗುತ್ತದೆ ಎಂಬಷ್ಟು ಎಲ್ಲರಿಗೂ ಗೊತ್ತು. ಹೆಚ್ಚಿನವರಿಗೆ ಗೊತ್ತಿಲ್ಲದ್ದು, ರಿಪೋರ್ಟುಗಳೆಲ್ಲ ದಿಲ್ಲಿಯ ಯಾವುದೋ ಒಂದು ಕಂಪ್ಯೂಟರಿಗೆ ಹೋಗಿ ಕೂರುವುದಿಲ್ಲ ಎನ್ನುವುದು. ರಿಪೋರ್ಟು ನಮ್ಮಲ್ಲೇ ಇರುತ್ತದೆ. ಇನ್ನೊಬ್ಬ ಡಾಕ್ಟರು ಕೇಳಿದಾಗ, ರೋಗಿ ತನ್ನ ಮೊಬೈಲಿನಲ್ಲಿ ಒಪ್ಪಿಗೆ ಕೊಟ್ಟ ಮೇಲೆ, ನಮ್ಮ ಕಂಪ್ಯೂಟರಿನಿಂದ ಬೀಗ ಹಾಕಿದ ಸ್ಥಿತಿಯಲ್ಲಿ ಹೊರಡುತ್ತದೆ. ನಡುವೆ ದಾಟಿಸುವವರಿಗೆ ಆ ಬೀಗದ ಕೀಲಿ ಇರುವುದಿಲ್ಲ; ಕೇಳಿದವರ ಹತ್ತಿರ ಹೋಗಿಯೇ ತೆರೆಯಬೇಕು. ಯಾವ ದಿನದಿಂದ ಯಾವ ದಿನದವರೆಗಿನ ದಾಖಲೆ, ಯಾವ ಬಗೆಯದು, ಎಷ್ಟು ದಿನದ ಮಟ್ಟಿಗೆ ಎಂದು ಒಪ್ಪಿಗೆಯಲ್ಲೇ ಬರೆದಿರುತ್ತದೆ.

ಮೊದಲ ಹಂತ ರಿಸೆಪ್ಶನ್ನಿನವರ ಕೆಲಸ, ಆಭಾ ಸಂಖ್ಯೆ ಮಾಡಿಸುವುದು ಮತ್ತು ದಾಖಲಿಸುವುದು. ಅದು ಹದಿನೈದು ದಿನದಲ್ಲಿ ಮುಗಿಯಿತು. ಎರಡನೆಯ ಹಂತಕ್ಕೆ ಲ್ಯಾಬಿನ ಬಾಗಿಲು ತಟ್ಟಿದರು. ಸಾಫ್ಟ್‌ವೇರ್ ಕಂಪನಿಯಿಂದ ಬಂದವನು ಹುಬ್ಬಳ್ಳಿಯ ಹುಡುಗ. ನಾನು ಕನ್ನಡದವಳೆಂದು ತಿಳಿದ ಕೂಡಲೇ ಕುರ್ಚಿ ಎಳೆದುಕೊಂಡು ಕೂತ.

"ಮೇಡಮ್, ನೀವೇನೂ ತಲಿ ಕೆಡಿಸ್ಕೋಬ್ಯಾಡ್ರಿ. ರಿಪೋರ್ಟಿನ ಪಿಡಿಎಫ್ ಐತಲ್ರಿ, ಅದನ್ನ ಹಂಗ ಕಳಿಸಿಬಿಡೂಣು. ನಿಯಮದಾಗ ನಡೀತೈತಿ."

ಅವನು ಹೇಳಿದ್ದು ಸುಳ್ಳಲ್ಲ. ದಾಖಲೆ ಕಳಿಸುವ ರಚನೆಗೆ ಎಫ್‌ಎಚ್‌ಐಆರ್ ಎಂದು ಹೆಸರು, ಬಾಯಲ್ಲಿ ಎಲ್ಲರೂ ಫೈರ್ ಎನ್ನುತ್ತಾರೆ. ಎಚ್‌ಎಲ್ ಸೆವೆನ್ ಎಂಬ ಅಂತರರಾಷ್ಟ್ರೀಯ ಸಂಸ್ಥೆ ರೂಪಿಸಿದ್ದು, ನಮ್ಮ ದೇಶ ಅದರ ನಾಲ್ಕನೆಯ ಆವೃತ್ತಿಯನ್ನು ಬಳಸುತ್ತದೆ. ಲ್ಯಾಬ್ ರಿಪೋರ್ಟಿಗೆ ಅದರಲ್ಲಿ ಮೀಸಲಾದ ಒಂದು ನಮೂನೆ ಉಂಟು. ಪಿಡಿಎಫ್ ಒಂದನ್ನೇ ಅದರೊಳಗೆ ಇಟ್ಟು ಕಳಿಸಿದರೂ ದಾಟಿಹೋಗುತ್ತದೆ. ಆದರೆ ಪಿಡಿಎಫ್ ಎಂದರೆ ಅಪ್ಪನ ಕ್ಯಾರಿಬ್ಯಾಗೇ, ಮೊಬೈಲಿನೊಳಗಿನ ಕ್ಯಾರಿಬ್ಯಾಗು. ಡಾಕ್ಟರು ಒಂದೊಂದನ್ನೇ ತೆರೆದು ಓದಬೇಕು. ಐದು ವರ್ಷದ ಕ್ರಿಯಾಟಿನಿನ್ ಒಂದು ಗೆರೆಯಾಗಿ ಕಣ್ಣಿಗೆ ಕಾಣುವುದಿಲ್ಲ. ನಾನು ಒಪ್ಪಲಿಲ್ಲ. ಪಿಡಿಎಫ್ ಜೊತೆಗಿರಲಿ, ಪ್ರತಿಯೊಂದು ಅಂಕಿಯೂ ತನ್ನ ಹೆಸರು, ತನ್ನ ಅಳತೆ, ತನ್ನ ಪದ್ಧತಿಯೊಂದಿಗೆ ಬಿಡಿಬಿಡಿಯಾಗಿಯೂ ಹೋಗಲಿ ಎಂದು ಹಟ ಹಿಡಿದೆ. ನಮ್ಮ ಪೆಥಾಲಜಿಸ್ಟ್ ಧಾರವಾಡದವರು, ಹೆಚ್ಚು ಮಾತಾಡುವವರಲ್ಲ. "ಆಕೀ ಹೇಳಿದ್ದು ಬರೋಬರಿ ಐತಿ, ಹಂಗ ಮಾಡ್ರಿ" ಅಂದರು. ಅಲ್ಲಿಂದ ನನ್ನ ಏಳು ತಿಂಗಳ ಕೆಲಸ ಶುರುವಾಯಿತು.

ಬಿಡಿ ಅಂಕಿ ಕಳಿಸಬೇಕೆಂದರೆ ಪ್ರತಿ ಟೆಸ್ಟಿಗೂ ಎಲ್ಲ ಕಡೆ ಒಂದೇ ಅರ್ಥ ಕೊಡುವ ಸಂಕೇತ ಬೇಕು. ಲ್ಯಾಬ್ ಟೆಸ್ಟುಗಳಿಗೆ ಅದು ಲಾಯಿಂಕ್. ಅಮೆರಿಕದ ಇಂಡಿಯಾನಪೊಲಿಸ್‌ನ ರೀಜನ್‌ಸ್ಟ್ರೀಫ್ ಸಂಸ್ಥೆಯವರು 1994ರಲ್ಲಿ ಶುರುಮಾಡಿದ ಪಟ್ಟಿ, ಬಳಸಲು ದುಡ್ಡು ಕೊಡಬೇಕಿಲ್ಲ. ರೋಗದ ಹೆಸರು, ಸೂಕ್ಷ್ಮಾಣುಗಳ ಹೆಸರಿಗೆಲ್ಲ ಸ್ನೋಮೆಡ್ ಸಿಟಿ ಎಂಬ ಇನ್ನೊಂದು ಪಟ್ಟಿ. ಭಾರತ 2014ರಲ್ಲಿ ಅದರ ಸದಸ್ಯ ದೇಶವಾದ್ದರಿಂದ ಇಲ್ಲಿ ಅದೂ ಉಚಿತ. ಇವನ್ನೆಲ್ಲ ಬಳಸಬೇಕೆಂದು ಕೇಂದ್ರ ಆರೋಗ್ಯ ಸಚಿವಾಲಯದ ಇಎಚ್‌ಆರ್ (ಎಲೆಕ್ಟ್ರಾನಿಕ್ ಆರೋಗ್ಯ ದಾಖಲೆ) ಮಾನದಂಡ 2013ರಲ್ಲೇ ಹೇಳಿತ್ತು, 2016ರಲ್ಲಿ ಪರಿಷ್ಕರಣೆಯೂ ಆಯಿತು. ಹತ್ತು ವರ್ಷ ನನ್ನಂಥವರ ಮೇಜಿಗೆ ಅದು ಬರಲೇ ಇಲ್ಲ. ಬಂದ ಮೇಲೆ ನನಗೆ ಹೆಮ್ಮೆಯೆನಿಸಿದ ಸಂಗತಿ ಒಂದಿದೆ. ಈ ಮಾನದಂಡಗಳ ರಾಷ್ಟ್ರೀಯ ಸಂಪನ್ಮೂಲ ಕೇಂದ್ರ ಇರುವುದು ನಮ್ಮ ಪುಣೆಯಲ್ಲೇ, ಕೇಂದ್ರ ಸರ್ಕಾರದ ಕಂಪ್ಯೂಟರ್ ಸಂಶೋಧನಾ ಸಂಸ್ಥೆ ಸಿಡ್ಯಾಕ್‌ನೊಳಗೆ. ಭಾರತದ ಲಿಪಿಗಳನ್ನು ಕಂಪ್ಯೂಟರಿನ ಪರದೆಗೆ ತಂದ ಜಿಸ್ಟ್ ಕೆಲಸ ಬೆಳೆದದ್ದೂ ಇದೇ ಸಂಸ್ಥೆಯಲ್ಲಿ. ಕನ್ನಡ ಅಕ್ಷರ ಪರದೆಯ ಮೇಲೆ ಮೂಡಲು ದುಡಿದ ಜಾಗವೇ ಈಗ ಹಿಮೋಗ್ಲೋಬಿನ್ನಿಗೆ ದೇಶವೆಲ್ಲ ಒಂದೇ ಹೆಸರು ಕೊಡಲು ದುಡಿಯುತ್ತಿದೆ. ಅವರು ಪ್ರಕಟಿಸಿದ ನಮೂನೆಗಳನ್ನು ಮುದ್ರಿಸಿ ಮೈಕ್ರೋಸ್ಕೋಪಿನ ಪಕ್ಕದಲ್ಲಿ ಇಟ್ಟುಕೊಂಡೆ.

ನಮ್ಮ ಸಾಫ್ಟ್‌ವೇರಿನಿಂದ ಟೆಸ್ಟುಗಳ ಪಟ್ಟಿ ತೆಗೆಸಿದರೆ 412 ಹೆಸರುಗಳು ಬಂದವು. ನಾವು ಮಾಡುವುದು ಅಷ್ಟಿಲ್ಲವೆಂದು ನನಗೆ ಗೊತ್ತು. ನೋಡುತ್ತಾ ಹೋದರೆ ಖಾಲಿ ಹೊಟ್ಟೆಯ ಸಕ್ಕರೆಯೊಂದಕ್ಕೇ ಐದು ಹೆಸರು: ಬಿಎಸ್‌ಎಲ್ ಫಾಸ್ಟಿಂಗ್, ಎಫ್‌ಬಿಎಸ್, ಶುಗರ್ ಎಫ್, ಬ್ಲಡ್ ಶುಗರ್ ಫಾಸ್ಟಿಂಗ್, ಗ್ಲೂಕೋಸ್ ಎಫ್. ಮಹಾರಾಷ್ಟ್ರದ ಡಾಕ್ಟರುಗಳು ಬಿಎಸ್‌ಎಲ್ ಎಂದು ಬರೆಯುತ್ತಾರೆ, ಬೇರೆ ಕಡೆಯಿಂದ ಬಂದವರು ಎಫ್‌ಬಿಎಸ್ ಎನ್ನುತ್ತಾರೆ. ಡಾಕ್ಟರು ಬರೆದ ಹೆಸರು ಪಟ್ಟಿಯಲ್ಲಿ ಸಿಗದೆ ಹೋದಾಗಲೆಲ್ಲ ರಿಸೆಪ್ಶನ್ನಿನವರು ಹೊಸ ಹೆಸರು ಸೇರಿಸಿಬಿಟ್ಟಿದ್ದಾರೆ. ಇಂಥವನ್ನೆಲ್ಲ ಒಟ್ಟುಗೂಡಿಸಿದಾಗ 412 ಇಳಿದು 268 ಆಯಿತು. ಇದಕ್ಕೇ ಒಂದೂವರೆ ತಿಂಗಳು ಹಿಡಿಯಿತು. ಮಧ್ಯಾಹ್ನ ಸ್ಯಾಂಪಲ್ಲುಗಳ ಒತ್ತಡ ಇಳಿದ ಮೇಲೆ ದಿನಕ್ಕೆ ಒಂದು ಗಂಟೆ ಕೂರುತ್ತಿದ್ದೆ.

ಆಮೇಲೆ ಸಂಕೇತ ಹುಡುಕುವುದು. ಲಾಯಿಂಕ್ ಒಂದು ಟೆಸ್ಟನ್ನು ಆರು ಪ್ರಶ್ನೆ ಕೇಳಿ ಗುರುತಿಸುತ್ತದೆ: ಏನನ್ನು ಅಳೆದಿರಿ, ಯಾವ ಬಗೆಯ ಅಳತೆ, ಒಂದು ಹೊತ್ತಿನದೋ ಇಪ್ಪತ್ತನಾಲ್ಕು ಗಂಟೆಯದೋ, ಎಲ್ಲಿಂದ ತೆಗೆದ ಸ್ಯಾಂಪಲ್ಲು, ಉತ್ತರ ಅಂಕಿಯೋ ಮಾತೋ, ಪದ್ಧತಿ ಯಾವುದು. ಈ ಆರು ಪ್ರಶ್ನೆಗಳ ಮುಂದೆ ಕೂತಾಗ ಮಾತ್ರ ನಾವು ಎಷ್ಟನ್ನು ಹೇಳದೆ ಬಿಟ್ಟಿದ್ದೆವು ಎನ್ನುವುದು ತಿಳಿಯುತ್ತದೆ. ಹಿಮೋಗ್ಲೋಬಿನ್ನಿಗೆ 718-7, ಮೂರು ತಿಂಗಳ ಸಕ್ಕರೆಯಾದ ಎಚ್‌ಬಿಎ1ಸಿಗೆ 4548-4, ಇವು ಸುಲಭ. ಖಾಲಿ ಹೊಟ್ಟೆಯ ಸಕ್ಕರೆಗೆ 1558-6 ಎಂದು ಬರೆಯಹೊರಟೆ. ಅದು ಸೀರಮ್ ಅಥವಾ ಪ್ಲಾಸ್ಮಾದ್ದು, ಅಂದರೆ ರಕ್ತಕಣ ಬೇರ್ಪಡಿಸಿದ ಮೇಲೆ ಉಳಿಯುವ ದ್ರವದ್ದು. ವಾರ್ಡಿನಲ್ಲಿ ನರ್ಸುಗಳು ಬೆರಳು ಚುಚ್ಚಿ ಗ್ಲೂಕೋಮೀಟರಿನಲ್ಲಿ ನೋಡುವುದು ಬೇರೆ. ಅದನ್ನೂ ನಮ್ಮ ಸಾಫ್ಟ್‌ವೇರಿನಲ್ಲಿ ಅದೇ ಹೆಸರಿನಡಿ ತುಂಬಿಸುತ್ತಿದ್ದರು! ಎಷ್ಟು ವರ್ಷದಿಂದಲೋ. ಮೇಟ್ರನ್ ಹತ್ತಿರ ಹೋಗಿ ಕೂತು, ಅದಕ್ಕೆ ಬೇರೆಯೇ ಹೆಸರು ಮಾಡಿಸಿದೆ.

ರಕ್ತ ಹೆಪ್ಪುಗಟ್ಟಲು ನೆರವಾಗುವ ಸಣ್ಣ ಕಣ, ಪ್ಲೇಟ್ಲೆಟ್ಟಿನದೂ ಹಾಗೆಯೇ. ಮೆಶೀನು ಎಣಿಸಿದ್ದಕ್ಕೆ 777-3, ಕೈಯಲ್ಲಿ ಎಣಿಸಿದ್ದಕ್ಕೆ 778-1. ಡೆಂಗ್ಯೂ ಕಾಲದಲ್ಲಿ ಮೆಶೀನು ಬಹಳ ಕಡಿಮೆ ತೋರಿಸಿದರೆ ನಾವು ಸ್ಲೈಡು ನೋಡಿಯೇ ರಿಪೋರ್ಟು ಬಿಡುವುದು. ಪ್ಲೇಟ್ಲೆಟ್ಟುಗಳು ಒಂದಕ್ಕೊಂದು ಅಂಟಿಕೊಂಡು ಗುಂಪಾಗಿದ್ದರೆ ಮೆಶೀನಿಗೆ ಅವು ಕಾಣುವುದಿಲ್ಲ. ಆದರೆ ರಿಪೋರ್ಟಿನಲ್ಲಿ ಎರಡಕ್ಕೂ ಒಂದೇ ಸಾಲು. ಕೈಯಲ್ಲಿ ಎಣಿಸಿದ್ದು ಯಾವುದು ಎಂಬುದು ನಮ್ಮ ರಿಜಿಸ್ಟರಿನಲ್ಲಿ ಪೆನ್ಸಿಲಿನಿಂದ ಬರೆದ ಒಂದು ಸಣ್ಣ ಗುರುತು, ಅಷ್ಟೇ. ಆ ಗುರುತಿಗೆ ಒಂದು ಸಂಕೇತ ಸಿಕ್ಕಿದ ದಿನ ನನಗಾದ ಸಂತೋಷವನ್ನು ಮನೆಯವರಿಗೆ ಹೇಳಿದರೆ ಅರ್ಥವಾಗಲಿಲ್ಲ. ನಾವು ಬೆಂಚಿನ ಮುಂದೆ ನಿಂತವರು ಬಾಯಿಪಾಠದಂತೆ ತಿಳಿದುಕೊಂಡದ್ದು ಮೊದಲ ಬಾರಿ ಲ್ಯಾಬಿನ ಬಾಗಿಲು ದಾಟಿ ಹೋಗುವುದರಲ್ಲಿತ್ತು.

ಕ್ರಿಯಾಟಿನಿನ್ನಿಗೆ 2160-0. ಈ ಸಂಕೇತ ಪದ್ಧತಿಯ ಬಗ್ಗೆ ಏನೂ ಹೇಳುವುದಿಲ್ಲ. ಜಾಫೆಗೂ ಎಂಜೈಮ್ಯಾಟಿಕ್ಕಿಗೂ ಅದೇ. ಸಂಕೇತ ಹಾಕಿದೆವು, ಮುಗಿಯಿತು ಎಂದುಕೊಂಡಿದ್ದರೆ ಅಪ್ಪನ ಗೊಂದಲ ಹಾಗೆಯೇ ಉಳಿಯುತ್ತಿತ್ತು, ಇನ್ನೂ ಗಟ್ಟಿಯಾಗಿ ಉಳಿಯುತ್ತಿತ್ತು, ಯಾಕೆಂದರೆ ಈಗ ಎರಡೂ ಅಂಕಿ ಒಂದೇ ಗೆರೆಯ ಮೇಲೆ ಕೂರುತ್ತಿದ್ದವು. ಅದೃಷ್ಟಕ್ಕೆ ಫೈರ್ ನಮೂನೆಯಲ್ಲಿ ಪದ್ಧತಿಗೆ ಬೇರೆಯೇ ಒಂದು ಖಾನೆ ಇದೆ. ಕಡ್ಡಾಯವಲ್ಲ. ಹುಬ್ಬಳ್ಳಿ ಹುಡುಗ ಅದನ್ನು ಬಿಟ್ಟಿದ್ದ. ನಾನು ತುಂಬಿಸಿದೆ.

ಅಳತೆಯ ಮಾತಿಗೆ ಬರುತ್ತೇನೆ, ನನ್ನ ನಿದ್ದೆ ಕೆಡಿಸಿದ್ದು ಅದೇ. ನಾವು ಹಿಮೋಗ್ಲೋಬಿನ್ನನ್ನು ಗ್ರಾಂ ಪರ್ಸೆಂಟ್ ಎಂದು ಬರೆಯುತ್ತೇವೆ. ಮಾನದಂಡದ ಪ್ರಕಾರ ಡೆಸಿಲೀಟರಿಗೆ ಗ್ರಾಂ ಎನ್ನಬೇಕು. ಅಂಕಿ ಬದಲಾಗುವುದಿಲ್ಲ, ಹೆಸರು ಬದಲಾಗುತ್ತದೆ. ಕ್ಯೂಬಿಕ್ ಮಿಲಿಮೀಟರನ್ನು ಮೈಕ್ರೋಲೀಟರ್ ಎನ್ನಬೇಕು, ಅಲ್ಲೂ ಗಾತ್ರ ಅಷ್ಟೇ. ಹುಡುಗ ಇವನ್ನು ನೋಡಿ, ಎಲ್ಲ ಅಳತೆಗೂ ಹೆಸರಷ್ಟೇ ಬದಲಿಸಿದರೆ ಸಾಕೆಂದುಕೊಂಡ. ಪ್ಲೇಟ್ಲೆಟ್ಟನ್ನು ನಾವು ಲಕ್ಷದಲ್ಲಿ ಬರೆಯುತ್ತೇವೆ. ರೋಗಿಗಳೂ "ಎಷ್ಟು ಲಕ್ಷ ಐತ್ರಿ?" ಎಂದೇ ಕೇಳುವುದು. ಹೊರಗಿನ ಜಗತ್ತು ಸಾವಿರದ ಲೆಕ್ಕದಲ್ಲಿ ಎಣಿಸುತ್ತದೆ. ಲಕ್ಷವನ್ನು ಸಾವಿರ ಮಾಡಲು ಅಂಕಿಯನ್ನು ನೂರರಿಂದ ಗುಣಿಸಬೇಕು. ಅವನು ಲಕ್ಷ ಎಂಬ ಮಾತನ್ನು ತೆಗೆದು ಸಾವಿರ ಎಂದು ಹಾಕಿದ, ಅಂಕಿಯನ್ನು ಮುಟ್ಟಲಿಲ್ಲ.

ಪ್ರಾಯೋಗಿಕ ವ್ಯವಸ್ಥೆಯಲ್ಲಿ ನೋಡಲು ನನ್ನದೇ ರಕ್ತ ಕೊಟ್ಟಿದ್ದೆ. ಪ್ಲೇಟ್ಲೆಟ್ 2.1 ಲಕ್ಷ. ಕಳಿಸುವ ಮುಂಚೆ ವ್ಯಾಲಿಡೇಟರ್ ಎಂಬ ಪರೀಕ್ಷಕ ತಂತ್ರಾಂಶದಲ್ಲಿ ಹಾಕಿ ನೋಡಬೇಕು. ಮೊದಲ ದಿನ ಅದು ನಾಲ್ಕು ಪುಟ ತಪ್ಪು ತೋರಿಸಿತ್ತು. ರಿಪೋರ್ಟಿನ ಮುಖಪುಟ ಎಲ್ಲಕ್ಕಿಂತ ಮೊದಲು ಬರಬೇಕು, ಬಂದಿರಲಿಲ್ಲ. ಸ್ಯಾಂಪಲ್ ತೆಗೆದ ಸಮಯಕ್ಕೆ ಭಾರತೀಯ ಕಾಲಮಾನದ ಐದೂವರೆ ಗಂಟೆಯ ಗುರುತು ಸೇರಿಸಿರಲಿಲ್ಲ. ಇಂಥವನ್ನೆಲ್ಲ ತಿದ್ದಿ ತಿದ್ದಿ ಆ ಸಂಜೆ ಒಂದೂ ತಪ್ಪಿಲ್ಲ ಎಂದು ಬಂತು. ಹುಡುಗ ಪೇಢಾ ತರಲು ಹೊರಟ. ಆಚೆ ಬದಿಯ ಪರದೆಯಲ್ಲಿ, ಡಾಕ್ಟರು ನೋಡುವಂತೆ, ನನ್ನ ರಿಪೋರ್ಟು ತೆರೆದೆವು. ಪ್ಲೇಟ್ಲೆಟ್ ಸಾಲು ಕೆಂಪಾಗಿತ್ತು. 2.1 ಸಾವಿರ. ಇರಬೇಕಾದದ್ದು 150ರಿಂದ 410 ಸಾವಿರ.

ಎರಡು ಸಾವಿರದ ನೂರು ಎಂದರೆ ಏನೆಂದು ಲ್ಯಾಬಿನವರಿಗೆ ಹೇಳಬೇಕಿಲ್ಲ. ಹತ್ತು ಸಾವಿರಕ್ಕಿಂತ ಇಳಿದರೆ ರಕ್ತಸ್ರಾವ ಕಾಣದಿದ್ದರೂ ಸಾಮಾನ್ಯವಾಗಿ ಪ್ಲೇಟ್ಲೆಟ್ ಏರಿಸಲು ಯೋಚಿಸುತ್ತಾರೆ. ಅದಕ್ಕಿಂತ ಹೆದರಿಕೆಯದು ತಲೆಕೆಳಗಾದ ಇನ್ನೊಂದು ಸಾಧ್ಯತೆ. ನಿಜವಾಗಿ ಇಳಿದಿರುವವನ ಅಂಕಿಯೂ ಹೀಗೇ ಕೆಂಪಾಗಿ ಬಂದರೆ, "ಆ ಆಸ್ಪತ್ರೆಯದು ಯಾವಾಗಲೂ ಹೀಗೇ" ಎಂದು ಯಾರೋ ಕಡೆಗಣಿಸಿಬಿಡಬಹುದು. ವ್ಯಾಲಿಡೇಟರಿಗೆ ಇದು ತಪ್ಪೆಂದು ಕಾಣಲಿಲ್ಲ. ಖಾನೆ ಸರಿಯಿತ್ತು, ಅಳತೆಯ ಹೆಸರು ಸರಿಯಿತ್ತು, ಅಂಕಿ ಅಂಕಿಯೇ ಆಗಿತ್ತು. ಅದು ರಚನೆಯನ್ನು ನೋಡುತ್ತದೆ; ಯಾರ ರಕ್ತಕ್ಕೆ 2.1 ಎಂದು ಬರೆದಿದೆಯೋ ಆ ಹೆಂಗಸು ಕಣ್ಣೆದುರು ಆರಾಮಾಗಿ ನಿಂತಿದ್ದಾಳೆ ಎನ್ನುವುದನ್ನು ನೋಡುವುದಿಲ್ಲ.

ಹುಡುಗನನ್ನು ನಾನು ಬೈಯಲಿಲ್ಲ. ಅವನ ಮುಖ ಬಿಳುಪೇರಿತ್ತು. ಮರುದಿನದಿಂದ ಇಬ್ಬರೂ ಕೂತು 268 ಟೆಸ್ಟುಗಳ ಅಳತೆಯನ್ನು ಒಂದೊಂದಾಗಿ ಓದಿದೆವು. ಹಳೆಯ ಅಳತೆ, ಹೊಸ ಅಳತೆ, ಎಷ್ಟರಿಂದ ಗುಣಿಸಬೇಕು ಎಂದು ಮೂರು ಖಾನೆ. ಒಟ್ಟು ಬಿಳಿ ರಕ್ತಕಣದಲ್ಲೂ ಇದೇ ತಪ್ಪು ಸಿಕ್ಕಿತು, ಅಲ್ಲಿ ಸಾವಿರದಿಂದ ಭಾಗಿಸಬೇಕಿತ್ತು. ಆಮೇಲೆ ಪ್ರತಿ ಟೆಸ್ಟಿಗೂ ಒಂದು ಹಳೆಯ ರಿಪೋರ್ಟು ತೆಗೆದು, ಪಿಡಿಎಫ್ ಒಂದು ಕಡೆ, ಬಿಡಿ ಅಂಕಿ ಇನ್ನೊಂದು ಕಡೆ ಇಟ್ಟು ಪೆಥಾಲಜಿಸ್ಟರ ಸಹಿ ಹಾಕಿಸಿದೆ. ಯಾವ ನಿಯಮವೂ ಇದನ್ನು ಕೇಳಿರಲಿಲ್ಲ. ಈ ಕೆಲಸಕ್ಕೆ ಕೈಹಾಕುವ ಯಾವ ಲ್ಯಾಬೂ ಈ ಒಂದು ಹೆಜ್ಜೆ ತಪ್ಪಿಸಬಾರದು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ದಾಖಲೆ ಸರಿಯಾಯಿತು. ಅದು ಯಾರದು ಎನ್ನುವುದು ಉಳಿಯಿತು. ರೋಗಿ ತನ್ನ ಆಪಿನಲ್ಲಿ ನಮ್ಮ ಆಸ್ಪತ್ರೆಯನ್ನು ಹುಡುಕಿದಾಗ ಮೊಬೈಲ್ ನಂಬರು, ಹೆಸರು, ಲಿಂಗ, ಹುಟ್ಟಿದ ವರ್ಷ ನಮಗೆ ಬರುತ್ತವೆ, ನಾವು ನಮ್ಮಲ್ಲಿ ಹುಡುಕಿ ಕೊಡಬೇಕು. ನಮ್ಮ ರಿಸೆಪ್ಶನ್ನಿನ ಹುಡುಗಿ ಅಕ್ಕಲಕೋಟೆಯವಳು, ಮನೆಮಾತು ಕನ್ನಡ. ಅವಳೇ ಬಂದು ಹೇಳಿದಳು.

"ಅಕ್ಕಾ, ಜತ್ತದಿಂದ, ಅಕ್ಕಲಕೋಟಿಂದ ಬರೂ ಮಂದಿ ಒಂದ ಮೊಬೈಲ್ ನಂಬರ್ ಕೊಡ್ತಾರ. ಮಗಂದು. ಅವ್ವ, ಅಪ್ಪ, ಸೊಸಿ ಎಲ್ಲಾರ್ದೂ ಅದ. ಹುಟ್ಟಿದ ತಾರೀಕು ಕೇಳಿದ್ರ ಜನವರಿ ಒಂದು."

ಹೆಸರಿನದು ಇನ್ನೊಂದು ಕಥೆ. ಆಧಾರಿನಲ್ಲಿ ಬಸಪ್ಪ, ನಮ್ಮಲ್ಲಿ ಬಸ್ವಪ್ಪ. ಇಲ್ಲಿನ ಪದ್ಧತಿಯಂತೆ ಹೆಸರು, ಗಂಡನ ಅಥವಾ ಅಪ್ಪನ ಹೆಸರು, ಅಡ್ಡಹೆಸರು ಎಂದು ಮೂರು ಖಾನೆ ಇವೆ. ನಮ್ಮ ಕಡೆಯ ಅಜ್ಜಿಯರು ಊರಿನ ಹೆಸರನ್ನು ಮುಂದೆ ಹೇಳುತ್ತಾರೆ, ಅದು ಯಾವುದೋ ಖಾನೆಗೆ ಹೋಗಿರುತ್ತದೆ. ಅತ್ತೆಯ ರಿಪೋರ್ಟು ಸೊಸೆಯ ಆಭಾಕ್ಕೆ ಜೋಡಣೆಯಾದರೆ ಏನಾದೀತು ಎಂದು ಯೋಚಿಸಿದರೇ ಎದೆ ನಡುಗುತ್ತದೆ. ಮೊಬೈಲ್ ನಂಬರೊಂದು ಹೊಂದಿದರೆ ಸಾಲದು, ಅನುಮಾನ ಬಂದರೆ ಏನನ್ನೂ ತೋರಿಸಬಾರದು, ರೋಗಿ ಕೌಂಟರಿಗೆ ಬಂದಾಗ ಆಭಾ ಸಂಖ್ಯೆ ನೋಡಿಯೇ ಜೋಡಿಸಬೇಕು ಎಂದು ನಿಯಮ ಮಾಡಿಸಿದೆವು. ಇದರಿಂದ ಜೋಡಣೆಯ ಲೆಕ್ಕ ಕಡಿಮೆಯಾಯಿತು, ಆಡಳಿತದವರಿಗೆ ಸ್ವಲ್ಪ ಬೇಸರವೂ ಆಯಿತು. ನನಗೆ ಪಶ್ಚಾತ್ತಾಪವಿಲ್ಲ.

ಉಳಿದದ್ದು, ಅಂದರೆ ಸುರಕ್ಷತೆಯ ಆಡಿಟ್ಟು, ಮಿಷನ್ನಿನವರ ಮುಂದೆ ಪ್ರದರ್ಶನ, ಅನುಮತಿಯ ಪತ್ರ, ಎಲ್ಲ ಸಾಫ್ಟ್‌ವೇರಿನವರೇ ನಡೆಸಿದರು. 2024ರ ಬೇಸಿಗೆಯಲ್ಲಿ ನಿಜವಾದ ರೋಗಿಗಳ ರಿಪೋರ್ಟು ಹೋಗತೊಡಗಿತು.

ಅಪ್ಪ ಆ ಸಲ ಬಂದಾಗ ಆಭಾ ಮಾಡಿಸಿ ರಕ್ತ ಕೊಡಿಸಿದೆ. ಊರಿಗೆ ಹೋದ ಮೇಲೆ ಅಲ್ಲಿನ ಡಾಕ್ಟರಿಗೆ ಮೊಬೈಲಿನಲ್ಲೇ ತೋರಿಸಿದರಂತೆ. ಕ್ರಿಯಾಟಿನಿನ್ ಸಾಲನ್ನು ಒತ್ತಿದರೆ ಕೆಳಗೆ ಪದ್ಧತಿ ಎಂಜೈಮ್ಯಾಟಿಕ್ ಎಂದಿತ್ತು. ಡಾಕ್ಟರು ಅದನ್ನು ನೋಡಿ, ಇನ್ನು ಮುಂದೆ ಈ ಟೆಸ್ಟನ್ನು ಒಂದೇ ಕಡೆ ಮಾಡಿಸಿಕೊಳ್ಳಿ, ಅಂಕಿ ಹೋಲಿಸಲು ಆಗುತ್ತದೆ ಎಂದರಂತೆ. ಅಪ್ಪ ಫೋನಿನಲ್ಲಿ ಹೇಳುತ್ತಿದ್ದಾಗ ನಾನು ಲ್ಯಾಬಿನಲ್ಲೇ ಇದ್ದೆ. ಸೆಂಟ್ರಿಫ್ಯೂಜಿನ ಸದ್ದಿಗೆ ಸರಿಯಾಗಿ ಕೇಳಿಸದೆ ಹೊರಗೆ ಓಡಿಬಂದು ಮತ್ತೊಮ್ಮೆ ಹೇಳಿಸಿಕೊಂಡೆ. ಕ್ಯಾರಿಬ್ಯಾಗನ್ನು ಮಾತ್ರ ಅವರು ಬಿಟ್ಟಿಲ್ಲ. ಹಳೆಯ ಕಾಗದಗಳೆಲ್ಲ ಅದರಲ್ಲೇ ಇವೆ, ಅವಕ್ಕೆ ಯಾವ ಸಂಕೇತವೂ ಇಲ್ಲ.

ಇನ್ನೂ 31 ಟೆಸ್ಟು ಬಾಕಿ ಇವೆ. ಸ್ಯಾಂಪಲ್ಲಿನ ಸೂಕ್ಷ್ಮಾಣು ಬೆಳೆಸಿ ನೋಡುವ ಕಲ್ಚರ್ ರಿಪೋರ್ಟುಗಳು ಕಷ್ಟ: ಮೊದಲು ತಾತ್ಕಾಲಿಕ, ಆಮೇಲೆ ಅಂತಿಮ, ಒಮ್ಮೊಮ್ಮೆ ತಿದ್ದಿದ್ದು, ಪ್ರತಿ ಸೂಕ್ಷ್ಮಾಣುವಿಗೆ ಸ್ನೋಮೆಡ್ ಸಂಕೇತ, ಪ್ರತಿ ಔಷಧಿಗೆ ಅದು ಬಗ್ಗುವುದೋ ಇಲ್ಲವೋ ಎಂಬ ಉತ್ತರ. ಒಂದೊಂದಾಗಿ ಮಾಡುತ್ತಿದ್ದೇನೆ.

ಹೋದ ತಿಂಗಳು ವಿಜಯಪುರದ ಆ ಲ್ಯಾಬಿನವರ ಫೋನು ಬಂತು. ಅಪ್ಪನ ಡಾಕ್ಟರಿಂದ ಸುದ್ದಿ ತಿಳಿದಿತ್ತು.

"ಅಕ್ಕಾರ, ನಾವೂ ಸೇರಬೇಕಂತ ಮಾಡೀವ್ರಿ. ನಿಮ್ಮ ಆ ಎಕ್ಸೆಲ್ ಪಟ್ಟಿ ಕಳಿಸ್ತೀರೇನ್ರಿ? ಕೆಲಸ ಹಗುರಾಗ್ತೈತಿ."

ಪೆಥಾಲಜಿಸ್ಟರನ್ನು ಕೇಳಿ ಕಳಿಸಿದೆ. ಕಳಿಸುವ ಮುಂಚೆ ಪದ್ಧತಿ, ಅಳತೆ, ಎಷ್ಟರಿಂದ ಗುಣಿಸಬೇಕು ಎಂಬ ಮೂರು ಖಾನೆಗಳನ್ನು ಅಳಿಸಿ ಖಾಲಿ ಮಾಡಿದೆ. ಅವರು ಮತ್ತೆ ಫೋನ್ ಮಾಡಿ, "ಅರ್ಧ ಖಾಲಿ ಬಂದೈತಲ್ರಿ" ಅಂದರು. ನಿಮ್ಮ ಮೆಶೀನಿನ ಮುಂದೆ ನಿಂತು, ಕಿಟ್ಟಿನ ಡಬ್ಬಿಯೊಳಗಿನ ಕಾಗದ ಓದಿ ನೀವೇ ತುಂಬಿಸಬೇಕ್ರಿ, ಕ್ರಿಯಾಟಿನಿನ್ನಿಂದ ಶುರು ಮಾಡ್ರಿ ಎಂದೆ.